ಮೂರನೇ ಮೆಟ್ಟಿಲ ಮೇಲೆ ನಿಗಾ

ಬಟ್ಟೆ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ಅವಳ ಕೆಲಸ ಒಂದೇ: ಕಣ್ಣೆದುರು ಹರಿದುಹೋಗುವ ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುವುದು. ಗಿರಣಿ ಮುಚ್ಚಿದಾಗ ಆ ಕಣ್ಣುಗಳಿಗೆ ಸರ್ಕಾರದ ನಿಗಾ ಕೊಠಡಿಯಲ್ಲಿ ಕೆಲಸ ಸಿಕ್ಕಿತು. ನಲವತ್ತೆಂಟು ಪರದೆ, ಕಿರುಗುಟ್ಟುವ ತಿರುಗುಕುರ್ಚಿ, ಹಲ್ಲು ಕಟಕಟಿಸುವಷ್ಟು ಎಸಿ. ಅಲ್ಲಿನವರು ಅವಳನ್ನು ಹದ್ದಕ್ಕ ಎನ್ನುತ್ತಿದ್ದರು. ಅತ್ತೆ ಮಾತ್ರ ಈ ಬಿರುದನ್ನು ಒಪ್ಪಿರಲಿಲ್ಲ. "ಊರೋರ ಮನೆ ಬಾಗಿಲೆಲ್ಲ ಕಾಣತ್ತೆ ಇವಳಿಗೆ, ಒಲೆ ಮೇಲೆ ಹಾಲು ಉಕ್ಕೋದು ಕಾಣಲ್ಲ!"

ಹದ್ದಕ್ಕನಿಗೆ ತನ್ನ ಕೆಲಸದ ಮೇಲೆ ನಂಬಿಕೆಯಿತ್ತು. ಸೇರಿದ ವರ್ಷವೇ, ಶಾಲೆ ಹುಡುಗಿಯೊಬ್ಬಳಿಗೆ ಗುದ್ದಿ ಪರಾರಿಯಾದ ವ್ಯಾನನ್ನು, ಅದರ ಒಡೆದ ಹಿಂದೀಪದ ಗುರುತು ಹಿಡಿದು, ಪರದೆಯಿಂದ ಪರದೆಗೆ ಬೆನ್ನಟ್ಟಿ ಗಂಟೆಯೊಳಗೆ ಹಿಡಿಸಿದ್ದಳು. ಹುಡುಗಿಯ ತಾಯಿ ಬಂದು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು.

ಹಾಗಾಗಿ ಕೊಠಡಿಯ ಮುಖ್ಯಸ್ಥ ಸಾಹೇಬರು ಒಂದು ದಿನ ಹನ್ನೆರಡನೇ ಪರದೆ ತೋರಿಸಿ, "ಈ ಮುದುಕನ ಮೇಲೆ ಕಣ್ಣಿಡಿ" ಎಂದಾಗ ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅದು ರೈಲು ಹಳಿಯಡಿಯ ಕಾಲುದಾರಿ ಸುರಂಗ. ಮುದುಕ ಅದರ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು ಚೀಲದಿಂದ ಬೂದು ಪುಡಿ ಸುರಿಯುತ್ತಿದ್ದನಂತೆ. ಕಾವಲುಗಾರ ಗದರಿದಾಗ ಚೀಲ ಬಿಟ್ಟು ಹೋದವನು, ಮರುದಿನದಿಂದ ಬರಿಗೈಯಲ್ಲಿ ಬಂದು ಬೆಳಿಗ್ಗೆ ಎರಡು ತಾಸು ಅಲ್ಲೇ ನಿಲ್ಲುತ್ತಿದ್ದ. ಹೋಗಿಬರುವವರ ತೋಳು ಹಿಡಿದು ಏನೋ ಹೇಳುತ್ತಿದ್ದ.

"ಜನ ಕೂಡಿಸ್ತಿದ್ದಾನೆ" ಎಂದರು ಸಾಹೇಬರು. ಪುಡಿ ಪ್ರಯೋಗಾಲಯಕ್ಕೆ ಹೋಯಿತು. ಎದುರಿನ ಫುಟ್‌ಪಾತಿನಲ್ಲಿ ಮಫ್ತಿಯವರಿಬ್ಬರು ಒಂದೇ ಪೇಪರನ್ನು ದಿನಗಟ್ಟಲೆ ಓದಿದರು. ಹತ್ತಿರ ಹೋದರೆ ಮುದುಕನಿಗೆ ಅನುಮಾನ ಬರುತ್ತದೆಂದು ಅವರಿಗೆ ಕಟ್ಟಪ್ಪಣೆಯಾಗಿತ್ತು. ಮಾತೂ ಕೇಳಿಸಿಕೊಳ್ಳುವ ಹೊಸ ಕ್ಯಾಮೆರಾಕ್ಕೆ ಬೇಡಿಕೆ ಹೋಯಿತು.

ಹನ್ನೊಂದನೇ ದಿನ ಹದ್ದಕ್ಕನಿಗೆ ಎಳೆ ಸಿಕ್ಕಿತು. ಮುದುಕ ಯಾರ ತೋಳು ಹಿಡಿಯಲಿಲ್ಲವೋ ಅವರು ಮುಗ್ಗರಿಸುತ್ತಿದ್ದರು. ಅದೂ ಕೆಳಗಿನಿಂದ ಮೂರನೇ ಮೆಟ್ಟಿಲಲ್ಲೇ. ಹಳೆಯ ದೃಶ್ಯಗಳನ್ನು ಹಿಂದಕ್ಕೆ ಓಡಿಸಿದಳು. ಮುದುಕ ಬರುವ ಮುಂಚೆ ಒಂದೇ ವಾರದಲ್ಲಿ ಒಂಬತ್ತು ಜನ ಬಿದ್ದಿದ್ದರು. ಒಬ್ಬಾಕೆ ಏಳಲಾರದೆ ಬಹಳ ಹೊತ್ತು ಅಲ್ಲೇ ಕೂತಿದ್ದಳು. ಅದನ್ನು ನಾನೇ ನೋಡುತ್ತಾ ಕೂತಿದ್ದೆನಲ್ಲ ಎಂದು ಹದ್ದಕ್ಕನಿಗೆ ಮುಖ ಬಿಸಿಯಾಯಿತು.

ಮರುದಿನ ರಜೆಯಿತ್ತು, ನೇರ ಸುರಂಗಕ್ಕೆ ಹೋದಳು. ಮುದುಕ ಅವಳ ತೋಳೂ ಹಿಡಿದ.

"ನೋಡ್ಕೊಂಡು ಇಳಿಯಮ್ಮಾ, ಇಲ್ಲಿ ಅಂಚು ಕಿತ್ತೋಗಿದೆ."

"ನೀವ್ಯಾಕೆ ಇಲ್ಲಿ ನಿಂತಿದ್ದೀರಿ ತಾತ?"

"ಗಾರೆ ಕೆಲಸದೋನು ನಾನು. ಒಂದು ಬಾಂಡ್ಲಿ ಸಿಮೆಂಟಿನ ಕೆಲಸ, ಮಾಡೋಕೆ ಬಿಡ್ಲಿಲ್ಲ. ಮೂರು ಅರ್ಜಿ ಕೊಟ್ಟೆ. ನಮ್ಮನ್ಯಾರು ನೋಡ್ತಾರೆ ಹೇಳು?"

"ನೋಡ್ತಿದ್ದೀವಿ ತಾತ," ಎಂದಳು ಹದ್ದಕ್ಕ ತಲೆತಗ್ಗಿಸಿ. "ಹನ್ನೊಂದು ದಿನದಿಂದ."

ಮರುದಿನ ವರದಿಯ 'ಅಪಾಯಕಾರಿ ವ್ಯಕ್ತಿ' ಎಂಬ ಕಾಲಂನಲ್ಲಿ ಅವಳು 'ಮೂರನೇ ಮೆಟ್ಟಿಲು' ಎಂದು ಬರೆದಳು.

"ಏನಮ್ಮಾ, ಮೆಟ್ಟಿಲಿಗೆ ಬೇಡಿ ಹಾಕ್ಲಾ?" ಸಾಹೇಬರು ರೇಗಿದರು. "ರಿಪೇರಿ ನಮ್ಮ ಇಲಾಖೆ ಅಲ್ಲ. ನಮ್ಮದು ಜನರ ಸುರಕ್ಷತೆ."

"ಆ ಒಂಬತ್ತು ಜನ ಸುರಕ್ಷಿತವಾಗಿ ಬಿದ್ರಾ ಸಾರ್?"

ಪ್ರಯೋಗಾಲಯದ ಉತ್ತರ ಅವತ್ತೇ ಬಂತು: ಸಿಮೆಂಟು, ಒಳ್ಳೆ ದರ್ಜೆಯದು.

ಮುಂದಿನ ವಾರ ನಗರಸಭೆಯಲ್ಲಿ ಸಾಹೇಬರು ಇನ್ನೂರು ಹೊಸ ಕ್ಯಾಮೆರಾ ಕೇಳುವವರಿದ್ದರು. ವ್ಯಾನಿನ ಕಥೆ ಹೇಳಲೆಂದು ಹದ್ದಕ್ಕನನ್ನೂ ಕರೆದೊಯ್ದರು. ಅವಳು ವ್ಯಾನಿನ ಕಥೆ ಹೇಳಿದಳು. ಕೂರಲಿಲ್ಲ. ಮೆಟ್ಟಿಲಿನ ಕಥೆಯನ್ನೂ ಹೇಳಿದಳು. ಸಭೆ ಬಿದ್ದೂ ಬಿದ್ದೂ ನಕ್ಕಿತು. ಅಧ್ಯಕ್ಷೆ ಮಾತ್ರ ನಗಲಿಲ್ಲ.

"ಹಾಗಾದ್ರೆ ಕ್ಯಾಮೆರಾ ಬೇಡ ಅಂತೀರಾ?"

"ಬೇಕು ಅಮ್ಮಾ. ಇಲ್ದಿದ್ರೆ ಆ ವ್ಯಾನ್ ಸಿಕ್ತಿರ್ಲಿಲ್ಲ. ಆದ್ರೆ ಇರೋದನ್ನೆಲ್ಲ ನೋಡೋದಕ್ಕೇ ಸುರಿದು, ಸರಿಮಾಡೋಕೆ ಏನೂ ಉಳಿಸ್ಕೊಳ್ದೆ ಹೋದ್ರೆ ಜನ ಬೀಳೋದು ನಿಲ್ಲಲ್ಲ. ಇನ್ನೂ ಚೆನ್ನಾಗಿ ಕಾಣತ್ತೆ, ಅಷ್ಟೆ."

ಅಪಘಾತ ಹೆಚ್ಚುವ ತಿರುವುಗಳಿಗೆಂದು ಅರವತ್ತು ಕ್ಯಾಮೆರಾ ಮಂಜೂರಾಯಿತು. ಉಳಿದ ಹಣ ಬೀದಿದೀಪಕ್ಕೂ ಮೆಟ್ಟಿಲುಗಳಿಗೂ ಹೋಯಿತು. ಮೂರನೇ ಮೆಟ್ಟಿಲು ಮುಕ್ಕಾಲು ಗಂಟೆಯಲ್ಲಿ ಸರಿಯಾಯಿತು. ಮುದುಕ ಪಕ್ಕದಲ್ಲೇ ನಿಂತು ಗಾರೆಯವನ ತಲೆ ತಿಂದ.

ಸಾಹೇಬರು ಎರಡು ವಾರ ಮಾತು ಬಿಟ್ಟಿದ್ದರು. ಆಮೇಲೆ ತಾವಾಗಿಯೇ ವರದಿಗೆ 'ದುರಸ್ತಿ' ಎಂಬ ಕಾಲಂ ಸೇರಿಸಿದರು. ಆದರೆ ಮುದುಕನ ಮೇಲೆ ತೆರೆದಿದ್ದ ನಿಗಾ ಫೈಲು ಮುಚ್ಚಿ ಎಂದು ಹದ್ದಕ್ಕ ಕೇಳಿದಾಗ ಅವರೂ ಕೈಚೆಲ್ಲಿದರು. ತೆರೆಯಲು ಒಂದು ಸಹಿ ಸಾಕು, ಮುಚ್ಚಲು ಐದು ಬೇಕು. ಹದ್ದಕ್ಕ ಮೂರು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದು ಐದನ್ನೂ ಹಾಕಿಸಿದಳು.

ಸುದ್ದಿ ಹೇಳಲು ಹೋದಾಗ ಮುದುಕ ಸುರಂಗ ಬಿಟ್ಟು, ಮೇಲಿನ ರಸ್ತೆಯಲ್ಲಿ ಸುತ್ತುಹಾಕಿಕೊಂಡು ಬರುತ್ತಿದ್ದ.

"ನನ್ನ ಮೇಲೆ ಸಿಟ್ಟಾ ತಾತ?"

"ನಿನ್ನ ಮೇಲೇನಮ್ಮಾ ಸಿಟ್ಟು? ಮೆಟ್ಟಿಲು ಈಗ ಬಂಗಾರ ಆಗಿದೆ. ಆದ್ರೆ ಅಲ್ಲಿ ಇಳಿದ್ರೆ ಯಾರೋ ನೋಡ್ತಿರ್ತಾರೆ ಅಂತ ಮೂಗು ಕೆರ್ಕೊಳ್ಳೋಕೂ ನಾಚ್ಕೆ ಆಗತ್ತೆ."

ಹದ್ದಕ್ಕ ಅವನ ಕೈಯಲ್ಲಿದ್ದ ತರಕಾರಿ ಚೀಲ ತೆಗೆದುಕೊಂಡು, ಸುತ್ತುದಾರಿಯಲ್ಲೇ ಅವನ ಮನೆಯವರೆಗೂ ನಡೆದಳು.