ಹಾಳೆಯಡಿಯ ಕೂದಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವರ್ಕ್‌ಶಾಪಿನ ಶಟರ್ ಅರ್ಧ ಎತ್ತಿ ಬಗ್ಗಿ ಒಳಗೆ ಬಂದವಳು ದೀಪ ಹಾಕುವುದಿಲ್ಲ. ಸ್ಟ್ಯಾಂಡಿನ ಮೇಲೆ ಮಲಗಿಸಿದ ಕಾರಿನ ಬಾಗಿಲ ಬಳಿ ನಿಂತು, ಕಣ್ಣು ಮುಚ್ಚಿ, ಅಂಗೈಯನ್ನು ಅದರ ಮೇಲೆ ಮೆಲ್ಲಗೆ ಎಳೆಯುತ್ತಾಳೆ. ಜ್ವರ ಬಂದ ಮಗುವಿನ ಬೆನ್ನು ಸವರಿದ ಹಾಗೆ. ಗುಳಿ ತುಂಬಲು ಪುಟ್ಟಿ ಮೆತ್ತಿದ ಜಾಗದಲ್ಲಿ ಕೈ ನಿಲ್ಲುತ್ತದೆ. ಉಬ್ಬಿದೆಯೋ, ತಗ್ಗಿದೆಯೋ? ಹದಿನೇಳು ವರ್ಷ ಈ ಪ್ರಶ್ನೆಗೆ ಕೈ ತಟ್ಟನೆ ಉತ್ತರ ಕೊಡುತ್ತಿತ್ತು. ಈಗೀಗ ತಡವರಿಸುತ್ತಿದೆ.

ಗುದ್ದಿಸಿಕೊಂಡು ಬಂದ ಕಾರು ಹೊಸದರಂತೆ ಹೊಳೆದರೆ ಜನ ಬಣ್ಣವನ್ನು ಹೊಗಳುತ್ತಾರೆ. ಬಣ್ಣದ ಕೆಳಗೆ ಉಜ್ಜಿ ಉಜ್ಜಿ ನುಣುಪು ಮಾಡಿದ ಕೈ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಆ ಕೈ ಇವಳದು. ಎಲ್ಲರ ಬಾಯಲ್ಲೂ ಅವಳು ನುಣ್ಣಕ್ಕ. ಬಂದದ್ದು ಕಸ ಗುಡಿಸಲು. ಒಂದು ದಿನ ಬಾಗಿಲ ಧೂಳು ಒರೆಸುತ್ತಾ, "ಇಲ್ಲೊಂದು ಗುಳಿ ಇದೆಯಲ್ಲಾ?" ಅಂದಳು. ಪೇಂಟರ್ ನಕ್ಕುಬಿಟ್ಟ. ಬಣ್ಣ ಒಣಗಿದ ಮೇಲೆ ಗುಳಿ ಅವನನ್ನೇ ಅಣಕಿಸುತ್ತಿತ್ತು. ಮರುದಿನವೇ ಪೊರಕೆ ಬಿಡಿಸಿ ಉಜ್ಜುವ ಎಮರಿ ಪೇಪರ್ ಕೈಗಿತ್ತರು.

ಈಗ ದಿನಕ್ಕೆ ಆರು ಬಾಗಿಲು, ಒಂದೋ ಎರಡೋ ಬಾನೆಟ್. ಗಾಳಿಯ ಒತ್ತಡದಿಂದ ತಿರುಗಿ ಉಜ್ಜುವ ಸ್ಯಾಂಡರ್ ಐದು ಗಂಟೆ ಕೈಯಲ್ಲೇ ಇರುತ್ತದೆ. ಹಳೆಯದಾಗಿ ಗಡಗಡ ನಡುಗುವ ಆ ಯಂತ್ರ ಕೆಳಗಿಟ್ಟ ಮೇಲೂ ಬೆರಳುಗಳ ನಡುಕ ನಿಲ್ಲುವುದಿಲ್ಲ. ಚಹಾದ ಲೋಟ ಬಿಸಿಯೋ ತಣ್ಣಗೋ ತಿಳಿಯುವುದಿಲ್ಲ.

ಅವಳಿಗೊಂದು ಗುಟ್ಟಿನ ಅಭ್ಯಾಸವಿದೆ. ಬೆಳಿಗ್ಗೆ ಎದ್ದವಳೇ ತಲೆಯಿಂದ ಒಂದು ಕೂದಲು ಕಿತ್ತು, ಕಾಗದದ ಹಾಳೆಯ ಕೆಳಗಿಟ್ಟು, ಕಣ್ಣು ಮುಚ್ಚಿ ಬೆರಳಿನಿಂದ ಹುಡುಕುವುದು. ಮೊದಲು ನಾಲ್ಕು ಹಾಳೆಯಡಿ ಸಿಗುತ್ತಿತ್ತು. ಈಗ ಒಂದೇ ಹಾಳೆ. "ದಿನಾ ಒಂದೊಂದು ಕೀಳ್ತಾ ಹೋದ್ರೆ ತಲೆ ಬೋಳಾಗುತ್ತೆ ಕಣೇ," ಎಂದು ಅತ್ತೆ ರೇಗಿಸುತ್ತಾರೆ. ಸೊಸೆ ಏನು ಹುಡುಕುತ್ತಿದ್ದಾಳೆಂದು ಅವರಿಗೆ ಗೊತ್ತಿಲ್ಲ.

ಹೋದ ವಾರ ಅವಳು "ಸರಿಯಿದೆ" ಎಂದ ಕಪ್ಪು ಕಾರಿನ ಬಾಗಿಲಲ್ಲಿ, ಬಣ್ಣ ಹೊಡೆದ ಮೇಲೆ ಉಬ್ಬುತಗ್ಗಿನ ಅಲೆ ಕಾಣಿಸಿತು. ಅಂದು ನಕ್ಕಿದ್ದ ಪೇಂಟರೇ ವರ್ಕ್‌ಶಾಪಿನ ಯಜಮಾನರ ಮುಂದೆ, "ನನ್ನ ಸ್ಪ್ರೇ ಗನ್ ಕೈಕೊಟ್ಟಿತು," ಅಂದ. ಆಮೇಲೆ ಪಕ್ಕಕ್ಕೆ ಬಂದು, "ಅಕ್ಕಾ, ಇನ್ನೊಂದು ಸಲ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ," ಎಂದ.

ಇವತ್ತು ಯಂತ್ರದ ಅಂಗಡಿಯವರು ಓಡಿಸಿ ನೋಡಲು ಮೂರು ಹೊಸ ಸ್ಯಾಂಡರ್ ಕಳಿಸಿದ್ದಾರೆ. ಮಧ್ಯಾಹ್ನದೊಳಗೆ ಒಂದನ್ನಿಟ್ಟುಕೊಂಡು ಎರಡನ್ನು ವಾಪಸ್ ಕೊಡಬೇಕು. "ಉಜ್ಜೋಳು ನೀನು, ನೀನೇ ಆರಿಸು," ಎನ್ನುತ್ತಲೇ ಯಜಮಾನರು ದೊಡ್ಡದನ್ನು ಮುಂದೆ ತಳ್ಳುತ್ತಾರೆ. "ಇದು ಹತ್ತು ನಿಮಿಷಕ್ಕೆ ಬಾಗಿಲು ಮುಗಿಸುತ್ತಂತೆ!"

ಓಡಿಸಿ ನೋಡಿದರೆ ಮುಗಿಸುವುದೇನೋ ನಿಜ. ಆದರೆ ಪಕ್ಕದಲ್ಲಿ ಪೇಂಟರ್ ಗನ್ ಶುರುಮಾಡಿದ್ದೇ ತಡ, ಯಂತ್ರ ಏದುಸಿರು ಬಿಡುತ್ತದೆ. ಗನ್ನಿಗೂ ಯಂತ್ರಕ್ಕೂ ಸಾಕಾಗುವಷ್ಟು ಗಾಳಿ ಒತ್ತುವ ಶಕ್ತಿ ಈ ಕಂಪ್ರೆಸರಿಗಿಲ್ಲ. ಎರಡನೆಯದು ಹಗುರ, ಆದರೆ ಧೂಳನ್ನೆಲ್ಲ ಮುಖಕ್ಕೇ ಎರಚುತ್ತದೆ. ಮೂರನೆಯದು ಅಂಗೈಯಲ್ಲಿ ನಡುಗದೆ, ಸದ್ದಿಲ್ಲದೆ ಕೂರುತ್ತದೆ. ಧೂಳನ್ನು ತಾನೇ ಎಳೆದುಕೊಳ್ಳುತ್ತದೆ. ಬಾಗಿಲಿಗೆ ಮಾತ್ರ ಹದಿನಾರು ನಿಮಿಷ.

ಅವಳು ಅದನ್ನೇ ಆರಿಸಿದಾಗ ಯಜಮಾನರು ಕೇಳುತ್ತಾರೆ: "ಆರು ನಿಮಿಷ ಜಾಸ್ತಿ ಯಾಕಮ್ಮಾ?"

ಕಾರಣ ಹೇಳಿದರೆ ಕೈಯ ಗುಟ್ಟು ಬಯಲು. ಬಯಲಾದರೆ ನಾಳೆಯಿಂದ ಕಾರು ತೊಳೆಯುವ ಕೆಲಸವೇ ಗತಿ. ಸುಮ್ಮನಿದ್ದರೆ ಗಡಗಡ ನಡುಗುವ ಆ ದೊಡ್ಡ ಯಂತ್ರ ಉಳಿದ ಒಂದು ಹಾಳೆಯನ್ನೂ ತಿಂದುಹಾಕುತ್ತದೆ. ಅವಳು ಒಂದು ಕೂದಲು ಕಿತ್ತು ಮೇಜಿನ ಮೇಲಿಡುತ್ತಾಳೆ.

"ಇದನ್ನ ಎಲ್ಲಾದ್ರೂ ಸರಿಸಿ ಮೇಲೊಂದು ಹಾಳೆ ಹಾಕಿ, ಯಜಮಾನ್ರೇ. ಎಲ್ಲಿದೆ ಅಂತ ನನಗೆ ತೋರಿಸಬೇಡಿ."

ದೊಡ್ಡ ಯಂತ್ರವನ್ನು ಹತ್ತು ನಿಮಿಷ ಓಡಿಸಿ ಹುಡುಕುತ್ತಾಳೆ. ಬೆರಳು ಹಾಳೆಯಿಡೀ ಅಲೆಯುತ್ತದೆ. ಸಿಗುವುದಿಲ್ಲ. ಬೆರಳು ಚೇತರಿಸಿಕೊಳ್ಳಲು ಒಂದು ಗಂಟೆ ಬೇಕಾಗುತ್ತದೆ. ಆಮೇಲೆ ಮೂರನೆಯ ಯಂತ್ರ, ಹದಿನಾರು ನಿಮಿಷ. ಮತ್ತೆ ಹಾಳೆ. ಬೆರಳು ಹೋಗುತ್ತದೆ, ಬರುತ್ತದೆ, ಒಂದು ಕಡೆ ನಿಲ್ಲುತ್ತದೆ.

"ಇಲ್ಲಿ."

ಯಜಮಾನರು ಹಾಳೆ ಎತ್ತಿ ನೋಡುತ್ತಾರೆ. ಕೂದಲನ್ನೂ, ಅವಳ ಮುಖವನ್ನೂ ನೋಡಿ ಕೇಳುತ್ತಾರೆ: "ಹಾಗಾದ್ರೆ ಆ ಕಪ್ಪು ಬಾಗಿಲು?"

ಪೇಂಟರ್ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳುತ್ತಾಳೆ: "ನನ್ನದೇ ತಪ್ಪು. ಕೈಗೆ ತಿಳೀಲಿಲ್ಲ."

"ಮೂರನೇದು ಇರಲಿ," ಎನ್ನುತ್ತಾರೆ ಯಜಮಾನರು. "ಆ ಬಾಗಿಲು ಬಿಚ್ಚಿಸಿ ತರಿಸ್ತೀನಿ. ಅದು ಸರಿಯಾಗ್ಲಿ, ಮುಂದಿಂದು ಆಮೇಲೆ ನೋಡೋಣ."

ಭಯ ಪೂರ್ತಿ ಹೋಗಿಲ್ಲ. ಸಂಜೆಯ ಹೊತ್ತಿಗೆ ಕಪ್ಪು ಬಾಗಿಲು ಅವಳ ಮುಂದೆ ಮಲಗಿದೆ. ಆಸೆ ಏನೆಂದು ಪೇಂಟರ್ ಕೇಳಿದರೆ ಅವಳಿಗೆ ನಗು.

"ಮತ್ತೆ ನಾಲ್ಕು ಹಾಳೆ ಆಗ್ಬೇಕು ಅಂತ ದುರಾಸೆಯಿಲ್ಲ. ಎರಡಾದ್ರೆ ಸಾಕು," ಎಂದು ಅಂಗೈಯನ್ನು ಬಾಗಿಲ ಮೇಲೆ ಎಳೆಯುತ್ತಾಳೆ. ಕೈ ನಿಲ್ಲುತ್ತದೆ. "ಅಗೋ, ಅಲೆ ಸಿಕ್ತು."