ಎಣ್ಣೆ ಸೋಸಿದ ಟೋಪಿ

ವಕೀಲ ಸಾಹೇಬರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಮೋಟಾರಿನ ಎಣ್ಣೆಯ ಕಪ್ಪು ಇರುತ್ತಿತ್ತು. ಕಲಬುರಗಿಯ ಅದಾಲತ್ತಿಗೆ ಹೊರಡುವ ಮುನ್ನ ಎಂಜಿನ್ನಿನ ಎಣ್ಣೆಯನ್ನು ಬೆರಳುಗಳ ನಡುವೆ ತಿಕ್ಕಿ ನೋಡುವುದು ಅವರ ರೂಢಿ. ಮಳೆ, ಬಿಸಿಲು, ತೊಗರಿಯ ಧಾರಣೆ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವವನು ಪಕ್ಕದ ಮನೆಯ ಹುಡುಗನಾದ ನಾನು. ಎಣ್ಣೆ ಬದಲಿಸಿದ ದಿನವನ್ನೂ ನನಗೇ ಹೇಳಿ ಬರೆಸುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ನಮ್ಮ ಮನೆ ತನ್ನದೆಂದು ದಾವೆ ಹೂಡಿದಾಗ ಅವ್ವನ ಪರ ನಿಂತವರು ಇವರೇ. ಅಪ್ಪನಿಗೆ ಆ ಮನೆ ಕಟ್ಟಿಕೊಟ್ಟ ಗೌಂಡಿ ಅಜ್ಜ ಕಮಲಾಪುರದಲ್ಲಿದ್ದ. ದೂರ ನಡೆಯಲಾರ, ಮೋಟಾರಿನಲ್ಲೇ ಕರೆತರಬೇಕು. ಅವನ ಸಾಕ್ಷಿ ಇಲ್ಲದಿದ್ದರೆ ನಾವು ಬೀದಿಪಾಲು.

ವಿಚಾರಣೆಯ ಹಿಂದಿನ ದಿನ ನೋಡಿದರೆ ಎಣ್ಣೆ ಸೋಸುವ ಫಿಲ್ಟರಿನೊಳಗಿನ ಉಣ್ಣೆ ಚಿಂದಿಯಾಗಿತ್ತು. ಯುದ್ಧದ ಕಾಲ, ಮುಂಬಯಿಯಿಂದ ಸಾಮಾನು ಬರುತ್ತಿರಲಿಲ್ಲ. ಸ್ಟೇಷನ್ ಬಳಿಯ ಅಂಗಡಿಯವ ಹತ್ತಿ ತುಂಬಿದ್ದೊಂದನ್ನು ಕೊಟ್ಟ. ಸಾಹೇಬರು ಉಜ್ಜಿ ನೋಡಿದರು. ಬೆರಳಿಗೆ ನೂಲು ಬಂತು.

"ಕಸ ಹಿಡಿಯೋದೇ ಕಸ ಉದುರಿಸಿದ್ರ ಹ್ಯಾಂಗೋ?"

"ಅಳತಿ ಬರೊಬ್ಬರಿ ಕೂಡ್ತದಲ್ರೀ!"

"ಡಬ್ಬಿಯೊಳಗ ಕೂಡೋದಲ್ಲಪಾ, ಎಂಜಿನ್ ಉಳೀಬೇಕು."

ಮನೆಗೆ ಬಂದು ಧೋತರದ ಚೂರಿನಲ್ಲಿ ಎಣ್ಣೆ ಸೋಸಿದರು. ಕಪ್ಪು ಹಾಗೇ ಇಳಿಯಿತು. ಗೋಣಿ ನಾರು ಬಿಟ್ಟಿತು. ಕೊನೆಗೆ ಅದಾಲತ್ತಿಗೆ ಹಾಕಿಕೊಂಡು ಹೋಗಲೇಬೇಕಾದ, ಗೂಟದಲ್ಲಿದ್ದ ತಮ್ಮ ಕೆಂಪು ರೂಮಿ ಟೋಪಿ ತೆಗೆದು, ಅದರ ದಪ್ಪ ಉಣ್ಣೆಯನ್ನು ಕತ್ತರಿಸಿ, ಬಣ್ಣ ಬಿಡುವುದು ನಿಲ್ಲುವತನಕ ಕುದಿಸಿ ಒಣಗಿಸಿದರು. ಎಣ್ಣೆ ನಿಧಾನವಾಗಿ, ತಿಳಿಯಾಗಿ ಇಳಿಯಿತು. ಅದನ್ನೇ ಫಿಲ್ಟರಿನೊಳಗೆ ತುಂಬಿದರು.

"ನಾಳೆ ಬರಿ ತಲಿಲೇ ಹೋಗ್ತೀರೇನ್ರೀ? ಮುನ್ಸೀಫರು ಒಳಗ ಬಿಡ್ತಾರ?" ಎಂದರು ಅವರ ಹೆಂಡತಿ.

"ಅಜ್ಜನ್ನ ಬಿಟ್ರ ಸಾಕು."

ಬೆಳಿಗ್ಗೆ ಕಮಲಾಪುರಕ್ಕೆ ಹೋಗಿ ಅಜ್ಜನನ್ನು ಕರೆತಂದೆವು, ಎಂಜಿನ್ ಮುನಿಯಲಿಲ್ಲ. ಎರವಲು ತಂದ ಟೋಪಿ ಮಾತ್ರ ಅವರ ದೊಡ್ಡ ತಲೆಗೆ ಕೂಡಲಿಲ್ಲ. ಅಜ್ಜನ ರುಮಾಲನ್ನೇ ಸುತ್ತಿಕೊಂಡು ಅದಾಲತ್ತಿಗೆ ನಡೆದರು.

"ಟೋಪಿ ಎಲ್ಲಿ, ವಕೀಲ್ ಸಾಬ್?" ಎಂದರು ಮುನ್ಸೀಫರು.

"ಮೋಟಾರಿನ ಹೊಟ್ಯಾಗ ಅದ, ಹುಜೂರ್."

ಎಲ್ಲರೂ ನಕ್ಕರು, ಮುನ್ಸೀಫರು ನಗಲಿಲ್ಲ. ಹೊರಗೆ ನಿಲ್ಲಿರಿ ಎಂದರು. ಸಾಹೇಬರು ವಾದಿಸಲಿಲ್ಲ. ಅಜ್ಜನನ್ನು ಕಟಕಟೆಯ ತನಕ ಹಿಡಿದು ನಡೆಸಿ, ಹೊರಗೆ ಬಂದು ಬಿಸಿಲಲ್ಲಿ ನಿಂತರು.

ಅಜ್ಜ ಹೊರಬಂದಾಗ ಕೇಳಿದರು: "ಏನ್ ಹೇಳ್ದಿ?"

"ಕಂಡಿದ್ದಷ್ಟೇ ಹೇಳೀನ್ರೀ. ಒಂದ್ ಮಾತೂ ಕೂಡಿಸಿಲ್ಲ."

"ಹಂಗಾದ್ರ ನನ್ನ ಕೆಲಸ ಏನಿತ್ತು ಒಳಗ!"

ಮನೆ ಅವ್ವನಿಗೇ ಉಳಿಯಿತು.

ಹೋದ ತಿಂಗಳು ಸಾಹೇಬರು ತೀರಿಕೊಂಡರು. ಕಕ್ಷಿದಾರರು, ಟಾಂಗಾದವರು, ಹಳ್ಳಿಯವರು ಬಂದರು. ಅವರ ಚಿಕ್ಕ ಮನೆಯಲ್ಲಿ ಜನ ಹಿಡಿಯಲಿಲ್ಲ. ಅವ್ವ ಯಾರನ್ನೂ ಕೇಳದೆ ನಮ್ಮ ಪಡಸಾಲೆ ಗುಡಿಸಿ, ಬಾಗಿಲೆರಡನ್ನೂ ತೆಗೆದು, ಬಂದವರನ್ನೆಲ್ಲ ಒಳಗೆ ಕರೆದು ಕೂಡಿಸಿದಳು.