ಮಿಕ್ಸರ್ ರಿಪೇರಿಯ ಉಲ್ಲಾಸರು ಮದುವೆಗೆ ಕರೆದದ್ದು

ನನ್ನ ಗಂಡ ಉಲ್ಲಾಸರದು ಸಿದ್ದಾಪುರದಲ್ಲಿ ಮಿಕ್ಸರ್ ರಿಪೇರಿ ಅಂಗಡಿ. ಒಂದನ್ನು ಬಿಚ್ಚಿಟ್ಟಾಗ ಇನ್ನೊಂದು ಬಂದರೆ ಮುಗಿಯಿತು, ಮೊದಲಿನದು ಹಾಗೇ ಬಿದ್ದಿರುತ್ತದೆ. ಒಂದು ಕಾಲಕ್ಕೆ ಹದಿಮೂರು ಮಿಕ್ಸರುಗಳು ಒಟ್ಟಿಗೆ ಬಾಯಿ ತೆರೆದು ಕೂತಿದ್ದವು. ಮದುವೆಯಾದ ಹದಿನೇಳು ವರ್ಷವೂ ನಾನು ಬೈದೆ. ನನ್ನ ಬಾಯಿ ಸಣ್ಣದಲ್ಲ, ಪೇಟೆಗೇ ಗೊತ್ತು.

ಬೈದು ಸರಿಹೋಗದ ಒಂದು ಕೆಲಸವನ್ನೂ ಇವರು ಮಾಡಿದ್ದರು. ಹೆಗ್ಗರಣೆಯಲ್ಲಿ ಇವರ ದೊಡ್ಡಾಯಿ, ಅಂದರೆ ದೊಡ್ಡಪ್ಪನ ಹೆಂಡತಿ ಇದ್ದಾರೆ. ಇವರನ್ನೂ ತಂಗಿ ತನುಜಾಳನ್ನೂ ಎತ್ತಿ ಆಡಿಸಿದವರು. ಆರು ವರ್ಷದ ಹಿಂದೆ ನಮ್ಮ ಗೃಹಪ್ರವೇಶಕ್ಕೆ ಕರೆಯಲು ಇವರು ಅಲ್ಲಿಗೆ ಹೋದರು. ಬೆಲ್ಲ-ನೀರು ಕುಡಿದರು, ಊಟ ಮಾಡಿದರು, ಮಿಕ್ಸರ್ ರಿಪೇರಿ ಮಾಡಿಕೊಟ್ಟರು, ಎಲೆ-ಅಡಿಕೆಯ ಕವಳ ಹಾಕಿದರು, ಮನೆಗೆ ಬಂದರು. ಕರೆಯುವುದೊಂದು ಬಿಟ್ಟುಹೋಯಿತು. ನಮ್ಮ ಕಡೆ ಬಾಯಲ್ಲಿ ಕರೆಯದ ಮನೆಗೆ ಯಾರೂ ಹೋಗುವುದಿಲ್ಲ. ಅಂದಿನಿಂದ ದೊಡ್ಡಾಯಿ ನಮ್ಮ ಹೊಸಿಲು ತುಳಿದಿಲ್ಲ, ಫೋನೂ ಎತ್ತಿಲ್ಲ.

ಈ ವರ್ಷ ತನುಜಾಳ ಮದುವೆ ನಿಶ್ಚಯವಾಯಿತು. ಅವಳು ಒಂದೇ ಮಾತು ಹೇಳಿದಳು: "ದೊಡ್ಡಾಯಿ ಬರಕು. ಅಣ್ಣನೇ ಹೋಗಿ ಕರಿಯಕು. ಇಲ್ದಿದ್ರೆ ಎನಗೆ ಮದುವೇನೇ ಬ್ಯಾಡ."

ಅಷ್ಟರಲ್ಲಿ ಶಿರಸಿಯ ಡಾಕ್ಟರೊಬ್ಬರು ಇವರಿಗಿರುವುದು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ ಎಂದು ಹೇಳಿ, ನಗ್ಮಾ ಎಂಬ ಕೌನ್ಸೆಲರ್ ಹತ್ತಿರ ಕಳಿಸಿದ್ದರು. ಯಲ್ಲಾಪುರದ ಹೆಣ್ಣುಮಗಳು. ದೂರು ಹೇಳಲೆಂದೇ ಮೊದಲ ಗುರುವಾರ ನಾನೂ ಬಸ್ಸು ಹತ್ತಿದೆ. ಅವರು ಅರ್ಧಗಂಟೆ ನನ್ನ ಪುರಾಣ ಕೇಳಿ, "ಬೈದ್ರೆ ಅವರಿಗೆ ನೆನಪು ಉಳೀತದಾ ಮೇಡಂ?" ಎಂದರು. ನನಗೆ ಭಯಂಕರ ಸಿಟ್ಟು ಬಂತು. ಉತ್ತರ ಗೊತ್ತಿತ್ತಲ್ಲ.

"ಇವರಿಗೆ ಪ್ರೀತಿ, ಕಾಳಜಿ ಎಲ್ಲ ಇದೆ. ಗಮನ ಜಾರ್ತದೆ, ಅಷ್ಟೇ," ಎಂದರು ನಗ್ಮಾ. ಇವರತ್ತ ತಿರುಗಿ, "ಜಾರುವ ಮುಂಚೆ ಕರೆಯೋ ಮಾತು ಹೇಳಿಬಿಡಿ. ಕೂರೋದೂ ಬೇಡ, ನಿಂತೇ ಹೇಳಿ." ಅಲ್ಲೇ ಅಭ್ಯಾಸವೂ ನಡೆಯಿತು. ನಾನು ಮನೆಯೊಡತಿ, ಮೇಜಿನ ಮೇಲೆ ತಳ ಬಿಚ್ಚಿದ ಒಂದು ಮಿಕ್ಸರ್. ಎರಡು ಸಲ ಇವರ ಕೈ ಸೀದಾ ಮಿಕ್ಸರಿಗೇ ಹೋಯಿತು. ಮೂರನೇ ಸಲ ನನ್ನನ್ನು ಮದುವೆಗೆ ಎಷ್ಟು ಚಂದ ಕರೆದರೆಂದರೆ, ಖಂಡಿತ ಬರುತ್ತೇನೆ ಎಂದುಬಿಟ್ಟೆ.

ಕರೆಯಲು ಮೊದಲು ಇವರ ಗೆಳೆಯ ಗಿರೀಶನ ಮನೆಗೆ ಹೋದೆವು. ಇವರು ಅಂಗಳದಲ್ಲೇ ನೆಟ್ಟಗೆ ನಿಂತು, "ಕೂರದಿಲ್ಲೆ, ಕುಡಿಯಲೆ ಎಂತದೂ ಬ್ಯಾಡ, ಒಂದು ಸುದ್ದಿ ಹೇಳಕು," ಎಂದರು. ನಮ್ಮಲ್ಲಿ ಹಾಗೆ ನಿಂತು ಹೇಳುವುದು ಸಾವಿನ ಸುದ್ದಿಯನ್ನು ಮಾತ್ರ. ಗಿರೀಶನ ತಾಯಿ ಕೈಲಿದ್ದ ಮೊರ ಬಿಟ್ಟು, "ಯಾರಿಗೆ ಎಂತ ಆತಾ ತಮಾ," ಎಂದು ಅಳತೊಡಗಿದರು. ಪಕ್ಕದ ಮನೆಯವರೂ ಓಡಿ ಬಂದರು. ಇವರು ಗಾಬರಿಯಲ್ಲಿ ಕಿಸೆ ತಡಕಾಡಿ ಮದುವೆ ಕಾಗದ ತೆಗೆಯುವಷ್ಟರಲ್ಲಿ ನಾಲ್ಕು ಜನ ಅಳುತ್ತಿದ್ದರು. ನಾನು ಬೈಕ್ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಮುಂದಿನ ಗುರುವಾರ ಇದನ್ನು ಕೇಳಿ ನಗ್ಮಾರಿಗೂ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನಿಮ್ಮ ಪದ್ಧತಿಗೇ ಹೊಂದಿಸುವ," ಎಂದು ಇವರನ್ನೇ ದಾರಿ ಕೇಳಿದರು. ಇವರಿಗೇ ಹೊಳೆಯಿತು: ಕಾಗದವನ್ನು ಬಲಗೈಯಲ್ಲಿ ಹಿಡಿದೇ ಒಳಗೆ ಹೋಗುವುದು. ಎಡಗೈಯಲ್ಲಿ ಲೋಟ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಕಾಗದ ಕೊಟ್ಟು, ಕರೆದು, ಆಮೇಲೆಯೇ ಕುಡಿಯಬೇಕು. ಐವತ್ತನಾಲ್ಕು ಮನೆ ಹೀಗೇ ಮುಗಿದವು. ಗಿರೀಶನ ಮನೆಯವರನ್ನು ಮರೆತು ಮತ್ತೆರಡು ಸಲ ಕರೆದರು, ಇರಲಿ.

ಕೊನೆಗೆ ಹೆಗ್ಗರಣೆ. ದೊಡ್ಡಾಯಿ ಕೂರಲು ಕಂಬಳಿ ಹಾಸಿದರು. ಕುಡಿಯಲು ಮಾತ್ರ ಏನೂ ತರಲಿಲ್ಲ. ಲೋಟವೇ ಬರದ ಮನೆಗೆ ನಾವು ಅಭ್ಯಾಸ ಮಾಡಿರಲಿಲ್ಲ. ಒಳಗೆ ಯಾರೋ ತಿರುಗಿಸಿದ ಮಿಕ್ಸರ್ ಕರಕರ ಎಂದಿತು, ಇವರ ಕಿವಿ ಅತ್ತ ಹೊರಳಿತು. ನಾನು ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ.

ಇವರು ಕೈಯಲ್ಲಿದ್ದ ಕಾಗದ ನೋಡಿದರು. "ದೊಡ್ಡಾಯಿ, ತನುಜನ ಮದುವೆ. ನೀನು ಬರಕು. ಆ ಸಲ ಕರಿಯಲೇ ಬಂದಿದ್ದಾಗಿತ್ತು, ಹೇಳದು ಮರ್ತೋತು. ಎನ್ನ ತಲೆ ಇಪ್ಪುದೇ ಹಾಂಗೆ. ಈಗ ಮದ್ದು, ಪಾಠ ಎಲ್ಲ ನಡೀತಾ ಇದ್ದು." ಆಮೇಲೆ ನಗ್ಮಾ ಹೇಳಿದ್ದನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿದರು.

ದೊಡ್ಡಾಯಿ ಕಾಗದ ತೆಗೆದುಕೊಂಡು ಸವರಿದರು. "ನಿನ್ನ ದೊಡ್ಡಪ್ಪಂದೂ ಇದೇ ಆಗಿತ್ತು. ಉಪ್ಪಿಗೆ ಪೇಟೆಗೆ ಹೋದ್ರೆ ಹಗ್ಗ ಬತ್ತಿತ್ತು. ಸಾಯೋವರೆಗೂ ಬೈದು ಮುಗಿಸಿದೆ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಬತ್ತೆ ಹೇಳು ತನುಜಂಗೆ."

ಇವರಿಗೆ ಎಂಥ ಖುಷಿಯೆಂದರೆ, ಜಗಲಿಯಿಂದ ಹಾರಿ, ಬೈಕ್ ಚಾಲೂ ಮಾಡಿ ಹೊರಟೇಬಿಟ್ಟರು. ನಾನು ಅಂಗಳದಲ್ಲೇ ಉಳಿದೆ. ಬಾಯಿಗೆ ಬಂದದ್ದನ್ನೆಲ್ಲ ಒದರಲು ಸೆರಗು ಸಿಕ್ಕಿಸಿದೆ.

ದೊಡ್ಡಾಯಿ ನನ್ನ ರಟ್ಟೆ ಹಿಡಿದರು. "ಬೈಯಡ ಪ್ರತಿಭಾ. ನಿನ್ನ ಗಂಡ ತಿರುಗಿ ಬತ್ತ."

ಬಂದರು. ನಾನು ಏನೂ ಅನ್ನದೆ ಹಿಂದೆ ಹತ್ತಿ ಕೂತೆ.